ಅಳತೆ ಪುಸ್ತಕದ ಎದುರು ಪುಟ

ಹೆಂಡತಿಯ ಕ್ಯಾನ್ಸರ್ ಚಿಕಿತ್ಸೆಯ ಎರಡು ತಿಂಗಳು ನಮ್ಮ ಸಂಸಾರ ನಡೆದದ್ದು ಅರ್ಧ ಲೀಟರ್ ನೀರಿನ ಮೇಲೆ. ಅದನ್ನು ಎಷ್ಟು ಹೊತ್ತಿಗೆ ಕುಡಿಯಬೇಕು, ಎಷ್ಟು ಹೊತ್ತು ತಡೆದುಕೊಳ್ಳಬೇಕು, ಅಷ್ಟರೊಳಗೆ ನಮ್ಮ ಸರದಿ ಬರುತ್ತದೋ ಇಲ್ಲವೋ. ರೈಲು, ದುಡ್ಡು, ಅಡುಗೆ, ನೆಂಟರ ಫೋನು ಎಲ್ಲ ಆ ಬಾಟಲಿಯ ಹಿಂದೆ ಮುಂದೆ ಓಡಾಡುತ್ತಿದ್ದವು.

ನಾನು ಚನ್ನಪಟ್ಟಣದಲ್ಲಿ ಟೈಲರ್. ರವಿಕೆ, ಲಂಗ, ಸೀರೆಗೆ ಫಾಲ್ಸ್, ಜೂನ್ ಬಂದರೆ ಶಾಲೆ ಯೂನಿಫಾರ್ಮು. ಹೆಂಡತಿಗೆ 51 ವರ್ಷ. ಮುಟ್ಟು ನಿಂತು ಎರಡು ವರ್ಷ ಆದಮೇಲೆ ಮತ್ತೆ ರಕ್ತ ಕಾಣಿಸಿಕೊಂಡಿದೆ. ಅವಳು ನನಗೆ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ. ನಾಲ್ಕು ತಿಂಗಳು ಸುಮ್ನೆ ಇದ್ದಳು. ಗೌರಿ ಹಬ್ಬಕ್ಕೆ ಬಂದ ಮಗಳಿಗೆ ಹೇಗೋ ಗೊತ್ತಾಗಿ ಅವಳೇ ಕೈ ಹಿಡಿದು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಚೂರು ತೆಗೆದು ಬಯಾಪ್ಸಿ ಪರೀಕ್ಷೆಗೆ ಕಳಿಸಿದರು. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಅಂತ ಬಂತು. ಮುಟ್ಟು ನಿಂತ ಮೇಲೆ ಒಂದು ತೊಟ್ಟು ರಕ್ತ ಕಂಡರೂ ತೋರಿಸಬೇಕು ಅನ್ನುವುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈಗ ಅವಳೇ ಅಂಗಡಿಗೆ ಬರುವ ಹೆಂಗಸರಿಗೆಲ್ಲ ಹೇಳುತ್ತಾಳೆ. ನಾನು ಮಿಷನ್ ಮುಂದೆ ಕಿವುಡನ ಹಾಗೆ ಕೂತಿರುತ್ತೇನೆ.

ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಚಿಕಿತ್ಸೆ ಅಂತ ಆಯಿತು. ಹೆಸರು ಬೇಡ. ಡಾಕ್ಟರು ಹೇಳಿದ್ದು ಇಷ್ಟು: ಹೊರಗಿನಿಂದ ರೇಡಿಯೇಷನ್ 25 ಸಲ, ಸೋಮವಾರದಿಂದ ಶುಕ್ರವಾರದವರೆಗೆ ದಿನಾ. ಅದರ ಜೊತೆ ವಾರಕ್ಕೊಂದು ಕೀಮೋ. ಆಮೇಲೆ ಒಳಗಿನಿಂದ ಕೊಡುವ ರೇಡಿಯೇಷನ್ ನಾಲ್ಕು ಸಲ. ಎಲ್ಲ ಸೇರಿ ಎಂಟು ವಾರದೊಳಗೆ ಮುಗಿಯಬೇಕು. ಮಧ್ಯೆ ಬಿಟ್ಟು ಬಿಟ್ಟು ಮಾಡಿದರೆ ಚಿಕಿತ್ಸೆಯ ಬಲ ಕಡಿಮೆಯಾಗುತ್ತದೆ. ಹಬ್ಬ, ಮದುವೆ, ಸುಸ್ತು ಯಾವುದಕ್ಕೂ ತಪ್ಪಿಸಬೇಡಿ ಅಂದರು.

ಆಪರೇಷನ್ ಇಲ್ಲ ಅಂದದ್ದು ಊರಿನಲ್ಲಿ ದೊಡ್ಡ ಸುದ್ದಿಯಾಯಿತು. "ಕುಯ್ಯಲಿಲ್ವಾ? ಹಂಗಾದ್ರೆ ಕೈಬಿಟ್ರಾ?" ಅಂತ ನನ್ನ ಅಕ್ಕನೇ ಕೇಳಿದಳು. ಹಾಗಲ್ಲ. ಗಡ್ಡೆ ಗರ್ಭಕೋಶದ ಬಾಯಿ ದಾಟಿ ಪಕ್ಕಕ್ಕೆ ಹಬ್ಬಿದಾಗ ರೇಡಿಯೇಷನ್ ಮತ್ತು ಕೀಮೋನೇ ಮುಖ್ಯ ಚಿಕಿತ್ಸೆ. ಇದನ್ನು ನಾನು ಕನಿಷ್ಠ 30 ಜನಕ್ಕೆ ವಿವರಿಸಿದ್ದೇನೆ. ಕೊನೆಕೊನೆಗೆ ಫೋನ್ ಎತ್ತುವ ಕೆಲಸವನ್ನೇ ಮಗಳಿಗೆ ಬಿಟ್ಟೆ. ಇದು ಮೊದಲ ದಿನದಿಂದಲೇ ಮಾಡಬೇಕಾದ ಕೆಲಸ. ಮನೆಯಲ್ಲಿ ಒಬ್ಬರು ಫೋನ್ ನೋಡಿಕೊಳ್ಳಲಿ. ಜೊತೆಗೆ ಓಡಾಡುವವರಿಗೆ ಅದು ಬೇಡ.

ನಮ್ಮ ಕಡೆ ರೇಡಿಯೇಷನ್‌ಗೆ "ಕರೆಂಟ್ ಕೊಡೋದು" ಅಂತಾರೆ. ಆ ಮಾತು ಕೇಳಿ ಅವಳು ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಶಾಕ್ ಹೊಡೆಯುತ್ತದೆ ಅಂದುಕೊಂಡಿದ್ದಳು. ನಿಜವಾಗಿ ಆಗುವುದು ಎಕ್ಸ್‌ರೇ ತೆಗೆಸಿದ ಹಾಗೆ. ಟೇಬಲ್ ಮೇಲೆ ಮಲಗಿಸಿ ಎಲ್ಲರೂ ಹೊರಗೆ ಬರುತ್ತಾರೆ. ಮಿಷನ್ ಸುತ್ತ ತಿರುಗುತ್ತದೆ. ಹತ್ತು ಹದಿನೈದು ನಿಮಿಷ. ನೋವಿಲ್ಲ, ಬಿಸಿಯೂ ತಾಕಲ್ಲ. ಮೊದಲ ದಿನ ಹೊರಗೆ ಬಂದು "ಇಷ್ಟೇನಾ?" ಅಂದಳು. ಇಷ್ಟೇ ಅಲ್ಲ ಅಂತ ಗೊತ್ತಾಗಲು ಎರಡು ವಾರ ಬೇಕಾಯಿತು.

ಶುರುವಾಗುವ ಮುಂಚೆ ಪ್ಲ್ಯಾನಿಂಗ್ ಅಂತ ಒಂದು ದಿನ ಸಿಟಿ ಸ್ಕ್ಯಾನ್ ಮಾಡಿ ಹೊಟ್ಟೆ ಕೆಳಗೆ ಒಂದು, ಸೊಂಟದ ಎರಡೂ ಪಕ್ಕ ಒಂದೊಂದು ಶಾಯಿ ಗುರುತು ಹಾಕಿದರು. ದಿನಾ ಅದೇ ಗುರುತಿಗೆ ಮಿಷನ್ ಬೆಳಕನ್ನು ಕೂರಿಸುತ್ತಾರೆ. ಅದನ್ನು ಉಜ್ಜಬಾರದು, ಸೋಪು ಹಚ್ಚಬಾರದು. ಬಟ್ಟೆ ಮೇಲೆ ಚಾಕ್‌ನಲ್ಲಿ ಗೀಟು ಹಾಕಿ ಕತ್ತರಿ ಇಡುವವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೀಟು ಕಾಲಿಂಚು ಜರುಗಿದರೆ ರವಿಕೆ ಕೆಡುತ್ತದೆ. ಇಲ್ಲಿ ಕೆಡುವುದು ಬೇರೆ.

ಆದರೂ ನಾಲ್ಕನೇ ದಿನಕ್ಕೆ ಪಕ್ಕದ ಗುರುತು ಮಾಸಿತ್ತು. ಟೆಕ್ನೀಷಿಯನ್ ಹುಡುಗಿ ಗದರಿದಳು. ನೋಡಿದರೆ ಲಂಗದ್ದೇ ಕೆಲಸ. ನನ್ನ ಹೆಂಡತಿ ಲಾಡಿಯನ್ನು ಬಿಗಿಯಾಗಿ ಸೊಂಟದಿಂದ ಕೆಳಗೆ ಕಟ್ಟುತ್ತಾಳೆ. ಬಸ್ಸಿನಲ್ಲಿ ಎರಡು ಗಂಟೆ ಕೂತಾಗ ಅದು ಉಜ್ಜಿ ಉಜ್ಜಿ ಶಾಯಿ ಹೋಗಿದೆ. ಆವತ್ತು ರಾತ್ರಿ ಅಂಗಡಿಯಲ್ಲಿ ಕೂತು ಲಾಡಿಯೇ ಇಲ್ಲದ ಲಂಗ ಹೊಲಿದೆ. ಮೇಲೆ ತೋಳಿಲ್ಲದ ಬಾಡಿ, ಅದಕ್ಕೇ ಕೆಳಗೆ ಘೇರು ಜೋಡಿಸಿದ್ದು. ಭಾರವೆಲ್ಲ ಹೆಗಲ ಮೇಲೆ, ಸೊಂಟಕ್ಕೆ ಏನೂ ತಾಕದು. ಅದರ ಮೇಲೆ ಸೀರೆ ನಿಲ್ಲುವುದಿಲ್ಲ. ಆಸ್ಪತ್ರೆಯಲ್ಲಿ ಎಷ್ಟೋ ಹೆಂಗಸರು ನೈಟಿ, ಮೇಲೊಂದು ಟವೆಲ್ ಹೊದ್ದು ಬರುತ್ತಾರೆ. "ನೈಟಿಲಿ ಬೆಂಗಳೂರಿಗೆ ಬರ್ತೀನಾ ನಾನು?" ಅಂದಳು. ಹಾಗಾಗಿ ಕಾಲರ್ ಇಟ್ಟು, ಮುಂದೆ ಪಟ್ಟಿ ಕೊಟ್ಟು, ಮಾಸಲು ಹಸಿರು ಹತ್ತಿ ಬಟ್ಟೆಯಲ್ಲಿ ಒಂದು ಹೊಲಿದೆ. ನೈಟಿ ಅಲ್ಲ, ಕುರ್ತಾ ಅಲ್ಲ, ಎರಡರ ಮಧ್ಯದ್ದು. ಮೂರು ಜೊತೆ ಮಾಡಿದೆ. ಆಮೇಲೆ ಚರ್ಮ ಕಪ್ಪಾಗಿ ತೊಡೆಯ ಸಂದಿಯಲ್ಲಿ ಉರಿ ಶುರುವಾದಾಗ ಈ ಸಡಿಲ ಬಟ್ಟೆಯೇ ಕಾಪಾಡಿತು. ರೇಡಿಯೇಷನ್ ವಿಭಾಗದಲ್ಲಿ ಇಬ್ಬರು ಹೆಂಗಸರು ಇದನ್ನು ನೋಡಿ ಅಳತೆ ಕೊಟ್ಟರು. ಅವರಿಗೂ ಹೊಲಿದು ಕೊಟ್ಟೆ, ಕೂಲಿ ತೆಗೆದುಕೊಳ್ಳಲಿಲ್ಲ.

ಈಗ ನೀರಿನ ವಿಷಯ. ಈ ಭಾಗಕ್ಕೆ ರೇಡಿಯೇಷನ್ ಕೊಡುವಾಗ ಮೂತ್ರಕೋಶ ತುಂಬಿರಬೇಕು. ತುಂಬಿದ ಮೂತ್ರಕೋಶ ಸಣ್ಣ ಕರುಳನ್ನು ಮೇಲಕ್ಕೆ ತಳ್ಳುತ್ತದೆ, ಕರುಳಿಗೆ ಬೀಳುವ ಏಟು ಕಡಿಮೆಯಾಗುತ್ತದೆ. ಸ್ಕ್ಯಾನ್ ಮಾಡಿದ ದಿನ ಎಷ್ಟು ತುಂಬಿತ್ತೋ ದಿನಾ ಹೆಚ್ಚೂಕಡಿಮೆ ಅಷ್ಟೇ ಇರಬೇಕು. ನಮಗೆ ಹೇಳಿದ್ದು: ಮೊದಲು ಪೂರ್ತಿ ಹೋಗಿ ಬಂದು, ಅರ್ಧ ಲೀಟರ್ ನೀರು ಕುಡಿದು, ಮುಕ್ಕಾಲು ಗಂಟೆ ತಡೆದು ಒಳಗೆ ಬನ್ನಿ.

ಕೇಳಲು ಸುಲಭ. ನಮ್ಮ ಸಮಯ ಹನ್ನೊಂದು ಗಂಟೆ ಅಂತ ಕಾರ್ಡಿನಲ್ಲಿ ಬರೆದಿದ್ದರು. ನಾನು ಗಡಿಯಾರ ನೋಡಿ ಹತ್ತೂಕಾಲಿಗೆ ಕುಡಿಸಿದೆ. ಅವತ್ತು ಮಿಷನ್ ಒಂದು ಗಂಟೆ ನಿಂತಿತು. ಹನ್ನೊಂದೂವರೆಗೆ ಅವಳ ಮುಖ ಬಿಳಿಚಿಕೊಂಡಿತ್ತು. ತಡೆಯಲಾರದೆ ಹೋಗಿಬಂದಳು. ಮತ್ತೆ ಅರ್ಧ ಲೀಟರ್. ಮತ್ತೆ ಸರದಿ ತಡವಾಯಿತು. ಮತ್ತೆ ಹೋಗಿಬಂದಳು. ಮೂರನೇ ಸಲ ಬಾಟಲಿ ಮುಂದೆ ಹಿಡಿದಾಗ ಅವಳು ಅದನ್ನು ದೂಡಿ, "ನಂಗೆ ಬೇಡ ಕಣ್ರೀ, ಮನೆಗೆ ಹೋಗೋಣ" ಅಂತ ಕಾರಿಡಾರಿನಲ್ಲೇ ಅತ್ತಳು. ಡಿಸೆಂಬರ್ ಚಳಿ ಬೇರೆ. ತಣ್ಣೀರು ಒಂದು ಲೀಟರ್ ಹೊಟ್ಟೆಗೆ ಹೋಗಿತ್ತು. ನಾನು ಧೈರ್ಯ ಹೇಳಲು ಹೋದೆ. ಏನು ಹೇಳಿದೆನೋ ನೆನಪಿಲ್ಲ, ಅವಳಿಗಂತೂ ಅದು ಬೇಕಾಗಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಸರಿಯಾದ ಲೆಕ್ಕ.

ಮರುದಿನದಿಂದ ಗಡಿಯಾರ ಬಿಟ್ಟೆ, ತಲೆ ಎಣಿಸಲು ಶುರುಮಾಡಿದೆ. ಒಬ್ಬರಿಗೆ ಒಳಗೆ ಹೋಗಿ ಬರಲು ಹನ್ನೆರಡರಿಂದ ಹದಿನೈದು ನಿಮಿಷ. ನಮ್ಮ ಮುಂದೆ ನಾಲ್ಕು ಜನ ಇದ್ದಾಗ ಕುಡಿಯಲು ಶುರುಮಾಡಿದರೆ ಸರಿಹೋಗುತ್ತದೆ. ಆದರೆ ಆ ನಾಲ್ವರಲ್ಲಿ ಯಾರಿದ್ದಾರೆ ಅನ್ನುವುದೂ ಮುಖ್ಯ. ಹೊಸಬರು ಇದ್ದರೆ ಮೊದಲ ದಿನ ಅರ್ಧ ಗಂಟೆ ಹಿಡಿಯುತ್ತದೆ. ವೀಲ್‌ಚೇರಿನಲ್ಲಿ ಬಂದವರಿಗೆ ಇನ್ನೂ ಸ್ವಲ್ಪ ಜಾಸ್ತಿ. ಬಾಗಿಲ ಹತ್ತಿರ ಕೂರುವ ನಾವು ನಾಲ್ಕೈದು ಗಂಡಂದಿರು ಇದನ್ನೆಲ್ಲ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದೆವು. "ನಿಮ್ಮವರು ಕುಡಿದ್ರಾ?" ಅನ್ನುವುದೇ ನಮ್ಮ ನಮಸ್ಕಾರ. ಕೋಲಾರದ ಕಡೆಯ ಒಬ್ಬರು ಮಿಷನ್ ಕೆಟ್ಟದ್ದರ ವಾಸನೆ ಮೊದಲೇ ಹಿಡಿಯುತ್ತಿದ್ದರು. ಒಳಗಿನಿಂದ ಎಂಜಿನಿಯರಿಗೆ ಫೋನ್ ಹೋದದ್ದು ಕೇಳಿಸಿದ ಕೂಡಲೇ ಕೈ ಎತ್ತಿ "ನಿಲ್ಸಿ, ನಿಲ್ಸಿ" ಅನ್ನುತ್ತಿದ್ದರು. ಎಲ್ಲರೂ ಬಾಟಲಿ ಕೆಳಗಿಡುತ್ತಿದ್ದೆವು. ಬೆಚ್ಚಗಿನ ನೀರು ಫ್ಲಾಸ್ಕಿನಲ್ಲಿ ತರುವುದನ್ನೂ ಅವರಿಂದಲೇ ಕಲಿತದ್ದು.

ಅಂಗಡಿಯ ಅಳತೆ ಪುಸ್ತಕವನ್ನು ಜೊತೆಗೆ ಒಯ್ಯುತ್ತಿದ್ದೆ. ಉದ್ದನೆಯ ನೋಟ್ ಬುಕ್. ಎದೆ, ಸೊಂಟ, ತೋಳು ಅಂತ ಮನೆ ಹಾಕಿದ್ದು. ಅದರಲ್ಲೇ ಒಂದು ಪುಟ ಅವಳ ಹೆಸರಿಗೆ ತೆಗೆದೆ. ಎದೆ ಅಂತಿದ್ದ ಮನೆಯಲ್ಲಿ ಎಷ್ಟನೇ ಸಿಟ್ಟಿಂಗ್, ಸೊಂಟದ ಮನೆಯಲ್ಲಿ ನೀರು ಕುಡಿದ ಹೊತ್ತು, ತೋಳಿನ ಮನೆಯಲ್ಲಿ ಒಳಗೆ ಹೋದ ಹೊತ್ತು. ಮೂರನೇ ವಾರದಿಂದ ಇನ್ನೊಂದು ಗೀಟು ಎಳೆದು ದಿನಕ್ಕೆ ಎಷ್ಟು ಸಲ ಭೇದಿ ಅಂತ ಬರೆಯಲು ಶುರುಮಾಡಿದೆ. ಸೋಮವಾರ ಸೋಮವಾರ ತೂಕ.

ವಾರಕ್ಕೊಮ್ಮೆ ಡಾಕ್ಟರು ನೋಡುವಾಗ ಈ ಪುಟ ಬೆಲೆ ಬಾಳಿತು. "ಎಷ್ಟು ಸಲ ಹೋಗ್ತೀರಮ್ಮ?" ಅಂದರೆ ಅವಳು "ಏನಿಲ್ಲ ಡಾಕ್ಟ್ರೇ, ಸ್ವಲ್ಪ" ಅನ್ನುತ್ತಿದ್ದಳು. ಪುಸ್ತಕದಲ್ಲಿ ಏಳು ಅಂತ ಇರುತ್ತಿತ್ತು. ಡಾಕ್ಟರು ನಾಲಿಗೆ ನೋಡಿ, ಡ್ರಿಪ್ ಹಾಕಿಸಿ, ಮಾತ್ರೆ ಬರೆದು, ಓಆರ್‌ಎಸ್ ಹೇಳಿದರು.

ಆದರೆ ನನ್ನ ಪುಸ್ತಕಕ್ಕೆ ಸಿಗದ್ದು ಬೇಕಾದಷ್ಟಿತ್ತು. ಆ ಡಾಕ್ಟರು ಹೆಂಗಸು. ಎರಡನೇ ವಾರದ ಭೇಟಿಯಲ್ಲಿ ಅವರು ಕೇಳಿದ್ದಕ್ಕೆಲ್ಲ ನಾನೇ ಉತ್ತರ ಕೊಡುತ್ತಿದ್ದೆ. ಮೂರನೇ ಪ್ರಶ್ನೆಗೆ ಅವರು ಪೆನ್ನು ಕೆಳಗಿಟ್ಟು, "ನೀವು ಸ್ವಲ್ಪ ಹೊರಗೆ ಕೂತಿರಿ" ಅಂದರು. ನನಗೆ ಅವಮಾನ ಆಯಿತು, ಸುಳ್ಳು ಯಾಕೆ ಹೇಳಲಿ. 30 ವರ್ಷ ಸಂಸಾರ ಮಾಡಿದವನು ನಾನು, ನನಗೆ ಗೊತ್ತಿಲ್ಲದ್ದು ಏನಿದೆ ಅನ್ನಿಸಿತು. ಒಳಗೆ ಇಪ್ಪತ್ತು ನಿಮಿಷ ಮಾತಾಡಿದರು. ಚೀಟಿಯಲ್ಲಿ ಎರಡು ಹೊಸ ಔಷಧಿ ಬಂತು. ಯಾತಕ್ಕೆ ಅಂತ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಆಮೇಲೆ ಪ್ರತಿ ವಾರ ಪುಸ್ತಕವನ್ನು ಅವಳ ಕೈಗೆ ಕೊಟ್ಟು ನಾನೇ ಹೊರಗೆ ಕೂರುತ್ತಿದ್ದೆ. ಗಂಡನ ಎದುರು ಬಾಯಿಗೆ ಬಾರದ ಮಾತುಗಳು ಈ ಕಾಯಿಲೆಯಲ್ಲಿ ಜಾಸ್ತಿ. ಜೊತೆಗೆ ಹೋಗುವ ಗಂಡಸರು ಇದೊಂದನ್ನು ಯಾರೂ ಹೇಳದೆ ಮಾಡಿದರೆ ಒಳ್ಳೆಯದು.

ಪ್ರಯಾಣಕ್ಕೆ ಬರುತ್ತೇನೆ. ಚನ್ನಪಟ್ಟಣದಿಂದ ಬೆಂಗಳೂರು 60 ಕಿಲೋಮೀಟರ್. ಆಸ್ಪತ್ರೆ ಹತ್ತಿರ ರೂಮು ಮಾಡಿ ಅಂದವರು ತುಂಬಾ ಜನ. ಅವಳು ಒಪ್ಪಲಿಲ್ಲ. "ರಾತ್ರಿಯಾದ್ರೂ ನನ್ನ ಮನೇಲಿ ಮಲಗ್ತೀನಿ" ಅಂದಳು. ಮನೆಯಲ್ಲಿ ನನ್ನ ತಾಯಿ, 84 ವರ್ಷ. ಅಂಗಡಿ ಬಾಡಿಗೆ ನಿಲ್ಲಲ್ಲ, ಸಂಜೆಯಾದರೂ ನಾಲ್ಕು ರವಿಕೆ ಹೊಲಿಯಬೇಕು. ಹಾಗಾಗಿ ದಿನಾ ಓಡಾಟ ಅಂತ ತೀರ್ಮಾನವಾಯಿತು.

ಮೊದಲ ಎರಡು ವಾರ ಬಸ್ಸು. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಅವಳಿಗೆ ಸಾರಿಗೆ ಬಸ್ಸು ಫ್ರೀ, ಊರೊಳಗಿನ ಬಿಎಂಟಿಸಿಯೂ ಫ್ರೀ. ಆಧಾರ್ ತೋರಿಸಿ ಸೊನ್ನೆ ರೂಪಾಯಿ ಟಿಕೆಟ್ ತೆಗೆದುಕೊಂಡು "ನಿಮ್ಮದು ನೀವು ಕೊಡಿ" ಅಂತ ನನ್ನನ್ನು ನೋಡಿ ನಗುತ್ತಿದ್ದಳು. ಆರು ಗಂಟೆ ಬಸ್ಸು, ಸ್ಯಾಟಲೈಟ್ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಇನ್ನೊಂದು ಬಸ್ಸು. ಚೆನ್ನಾಗಿಯೇ ನಡೆಯುತ್ತಿತ್ತು.

ಹನ್ನೆರಡನೇ ಸಿಟ್ಟಿಂಗ್ ಆದ ಮರುದಿನ, ಬಿಡದಿ ದಾಟುವ ಹೊತ್ತಿಗೆ ಅವಳು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಳು. ಏನು ಅಂತ ಕೇಳುವ ಹಾಗಿರಲಿಲ್ಲ, ಮುಖ ನೋಡಿದರೆ ಸಾಕಾಗಿತ್ತು. ಎದ್ದು ಹೋಗಿ ಕಂಡಕ್ಟರ್ ಕಿವಿಯಲ್ಲಿ ಹೇಳಿದೆ. ಆ ಪುಣ್ಯಾತ್ಮ ಒಂದು ಮಾತಾಡದೆ ಪೆಟ್ರೋಲ್ ಬಂಕಿನ ಮುಂದೆ ಸೀಟಿ ಊದಿ ನಿಲ್ಲಿಸಿದ. ಅವಳು ಬರುವವರೆಗೆ ಬಸ್ಸಿನಲ್ಲಿ 50 ಜನ ಕಾದರು, ಒಬ್ಬರೂ ಗೊಣಗಲಿಲ್ಲ. ಆದರೆ ವಾಪಸ್ ಹತ್ತಿದವಳು ಬೆಂಗಳೂರು ಬರುವವರೆಗೂ ಸೆರಗಿನ ಹಾಗೆ ಹೊದ್ದ ಶಾಲನ್ನು ಮುಖದಿಂದ ಸರಿಸಲಿಲ್ಲ. ಫ್ರೀ ಬಸ್ಸು ಆವತ್ತಿಗೆ ಮುಗಿಯಿತು.

ಮರುದಿನದಿಂದ ರೈಲು. ರೈಲಿನಲ್ಲಿ ಶೌಚಾಲಯ ಇದೆ, ಅಷ್ಟೇ ಕಾರಣ. ಕ್ಯಾನ್ಸರ್ ರೋಗಿಗೆ ಚಿಕಿತ್ಸೆಗೆ ಹೋಗಿಬರಲು ರೈಲ್ವೆ ರಿಯಾಯಿತಿ ಕೊಡುತ್ತದೆ. ಸೆಕೆಂಡ್ ಕ್ಲಾಸಿನಲ್ಲಿ 75 ಪರ್ಸೆಂಟ್, ಜೊತೆಗೆ ಹೋಗುವ ಒಬ್ಬರಿಗೂ ಅಷ್ಟೇ. ಸ್ಲೀಪರ್ ಮತ್ತು ತರ್ಡ್ ಎಸಿಯಲ್ಲಿ ರೋಗಿಗೆ ಪೂರ್ತಿ ಫ್ರೀ, ಜೊತೆಯವರಿಗೆ 75. ಆಸ್ಪತ್ರೆಯ ಡಾಕ್ಟರಿಂದ ಅವರ ನಮೂನೆಯಲ್ಲಿ ಸಹಿ, ಸೀಲು ಮಾಡಿಸಿಕೊಂಡು ಕೌಂಟರಿನಲ್ಲಿ ಕೊಡಬೇಕು. ಬಳ್ಳಾರಿ, ಬೀದರ್ ಕಡೆಯಿಂದ ಬರುವವರಿಗೆ ಇದು ದೊಡ್ಡ ಉಪಕಾರ. ನಮ್ಮ ಹಾಗೆ ದಿನಾ ಓಡಾಡುವವರಿಗೆ ದಿನಾ ಕ್ಯೂ ನಿಲ್ಲುವ ಕಷ್ಟ. ಲೆಕ್ಕ ಹಾಕಿದೆ, ತಿಂಗಳ ಪಾಸಿಗೂ ಅದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇಬ್ಬರಿಗೂ ಪಾಸ್ ಮಾಡಿಸಿದೆ.

ಮೈಸೂರಿನಿಂದ ಬರುವ ಬೆಳಗಿನ ರೈಲು ನಮ್ಮೂರಿಗೆ ಬರುವಷ್ಟರಲ್ಲಿ ತುಂಬಿರುತ್ತದೆ. ಮಂಡ್ಯ, ಮದ್ದೂರಿನ ಪಾಸಿನವರದು ಒಂದು ರಾಜ್ಯ. ಮೊದಲ ಎರಡು ದಿನ ಅವಳು ನಿಂತೇ ಬಂದಳು. ಮೂರನೇ ದಿನ ಹೆಂಗಸರ ಬೋಗಿಯಲ್ಲಿ ಯಾರೋ ಕೈಯಲ್ಲಿದ್ದ ಆಸ್ಪತ್ರೆ ಫೈಲು ನೋಡಿ ಕೇಳಿದ್ದಾರೆ. ಇವಳು ಹೇಳಿದ್ದಾಳೆ. ಅಲ್ಲಿಂದಾಚೆ ಮದ್ದೂರಿನಲ್ಲಿ ಹತ್ತುವ ಬಟ್ಟೆ ಅಂಗಡಿ ಹುಡುಗಿಯೊಬ್ಬಳು ದಿನಾ ಶೌಚಾಲಯದ ಹತ್ತಿರದ ಸೀಟಿನಲ್ಲಿ ಬ್ಯಾಗ್ ಇಟ್ಟು ಜಾಗ ಹಿಡಿಯುತ್ತಿದ್ದಳು. ನಾನು ಪಕ್ಕದ ಜನರಲ್ ಬೋಗಿಯಲ್ಲಿ. ಸಿಟಿ ಸ್ಟೇಷನ್‌ನಲ್ಲಿ ಇಳಿದಾಗ ಅವಳ ಬೋಗಿಯಿಂದ ನಗು ಕೇಳಿಸುತ್ತಿತ್ತು. ನನ್ನ ಜೊತೆ ಇದ್ದಾಗ ಅಷ್ಟು ನಗುತ್ತಿರಲಿಲ್ಲ. ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು ಅನ್ನಿ.

ಸ್ಟೇಷನ್‌ನಿಂದ ಮೆಟ್ರೋ, ಆಮೇಲೆ ಆಟೋ. ದಾರಿಯುದ್ದಕ್ಕೂ ಎಲ್ಲೆಲ್ಲಿ ಶೌಚಾಲಯ ಇದೆ, ಎಲ್ಲಿ ಬೀಗ ಹಾಕಿರುತ್ತಾರೆ, ಎಲ್ಲಿ ನೀರಿರಲ್ಲ ಅನ್ನುವುದು ನನಗೆ ಬಾಯಿಪಾಠವಾಗಿತ್ತು. ಒಂದು ಚೀಲ ಹೊಲಿದಿದ್ದೆ, ಐದು ಜೇಬಿನದು. ಒಂದರಲ್ಲಿ ಫೈಲು, ಒಂದರಲ್ಲಿ ಫ್ಲಾಸ್ಕ್, ಒಂದರಲ್ಲಿ ಮಾತ್ರೆ, ಒಂದರಲ್ಲಿ ಬದಲಿ ಬಟ್ಟೆ, ಒಂದರಲ್ಲಿ ಚಿಲ್ಲರೆ. ಫೈಲಿನ ಮೊದಲ ಹಾಳೆಯಲ್ಲಿ ಬಯಾಪ್ಸಿ ರಿಪೋರ್ಟಿನ ಜೆರಾಕ್ಸ್. ಅಸಲು ಯಾವತ್ತೂ ಹೊರಗೆ ಒಯ್ಯಲಿಲ್ಲ.

ದುಡ್ಡಿನ ಬಗ್ಗೆ ಜಾಸ್ತಿ ಹೇಳಲ್ಲ. ನಮ್ಮದು ಬಿಪಿಎಲ್ ಕಾರ್ಡು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ ಐದು ಲಕ್ಷದವರೆಗೆ ಇದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಇಲ್ಲದೆ ಬೆಂಗಳೂರಿಗೆ ಓಡಿಬಂದವರು ಪತ್ರಕ್ಕಾಗಿ ಮತ್ತೆ ಊರಿಗೆ ಹೋದದ್ದನ್ನು ಕಣ್ಣಾರೆ ನೋಡಿದೆ. ಮೊದಲು ಪತ್ರ, ಆಮೇಲೆ ಬಸ್ಸು. ಆಟೋ, ಊಟ, ನಿಂತುಹೋದ ದುಡಿಮೆ ಇದ್ಯಾವುದೂ ಕಾರ್ಡಿಗೆ ಬರಲ್ಲ. ಸಂಕ್ರಾಂತಿಯ ರವಿಕೆ ಕೆಲಸ ಅರ್ಧಕ್ಕರ್ಧ ಬೇರೆ ಟೈಲರುಗಳಿಗೆ ಹೋಯಿತು.

ಕೀಮೋ ಬುಧವಾರ. ಸೋಮವಾರ ರಕ್ತ ಪರೀಕ್ಷೆ ಸರಿ ಬಂದರೆ ಮಾತ್ರ. ಅದು ಕಿಡ್ನಿಗೆ ಪೆಟ್ಟು ಕೊಡುವ ಔಷಧಿ, ಹಿಂದೆ ಮುಂದೆ ಬಾಟಲಿಗಟ್ಟಲೆ ಸಲೈನ್ ಹಾಕುತ್ತಾರೆ. ಬೆಳಗ್ಗೆ ಕೂತರೆ ಮಧ್ಯಾಹ್ನ ಮೂರೂವರೆ. ನಾಲ್ಕನೇ ವಾರ ಹಿಮೋಗ್ಲೋಬಿನ್ ಇಳಿದು ಒಂದು ಬಾಟಲಿ ರಕ್ತ ಕೊಡಬೇಕಾಯಿತು. ಬದಲಿ ರಕ್ತ ಕೊಡಲು ನಮ್ಮ ಅಂಗಡಿ ಪಕ್ಕದ ಗೊಂಬೆ ಕೆಲಸದ ಹುಡುಗ ಬಂದ. ಕೂದಲಿಗೆ ಅರಗಿನ ಪುಡಿ ಅಂಟಿದ್ದ ಹಾಗೇ ರೈಲು ಹತ್ತಿ ಬಂದಿದ್ದ.

ಊಟದ್ದೇ ನಿಜವಾದ ಜಗಳ. ನಮ್ಮದು ರಾಗಿ ಮುದ್ದೆ, ಸೊಪ್ಪಿನ ಸಾರಿನ ಮನೆ. ಕರುಳು ಹುಣ್ಣಾದ ಮೇಲೆ ನಾರಿರುವುದು ಯಾವುದೂ ಬೇಡ ಅಂದರು. ರಾಗಿ ಬೇಡ, ಸೊಪ್ಪು ಬೇಡ, ಕಾಳು ಬೇಡ, ಹಾಲು ಬೇಡ, ಖಾರ ಬೇಡ. ಬಿಳಿ ಅನ್ನ, ಮಜ್ಜಿಗೆ, ಇಡ್ಲಿ, ಬಾಳೆಹಣ್ಣು, ಸಿಪ್ಪೆ ತೆಗೆದು ಬೇಯಿಸಿದ ಸೇಬು. ಬೇರೆ ಕಾಯಿಲೆಗಳಲ್ಲಿ ತಿನ್ನಿ ತಿನ್ನಿ ಅನ್ನುವುದೆಲ್ಲ ಇಲ್ಲಿ ತಲೆಕೆಳಗು. ನನ್ನ ತಾಯಿಗೆ ಇದು ಅರ್ಥವೇ ಆಗಲಿಲ್ಲ. "ಮುದ್ದೆ ತಿನ್ನದೆ ಶಕ್ತಿ ಎಲ್ಲಿಂದ ಬರ್ತದೆ?" ಅಂತ ದಿನಾ ಕೇಳುತ್ತಿದ್ದರು.

ಅದರ ಮೇಲೆ ಅವರೇಕಾಯಿ ಕಾಲ. ಡಿಸೆಂಬರ್ ಜನವರಿಯಲ್ಲಿ ನಮ್ಮ ಬೀದಿಯಲ್ಲಿ ಯಾರ ಮನೆ ಮುಂದೆ ಹೋದರೂ ಸೊಗಡು. ಹಿತಕಿದ ಬೇಳೆ ಸಾರು ಅಂದರೆ ಅವಳಿಗೆ ಪ್ರಾಣ. ನಮ್ಮ ಮನೆಯಲ್ಲಿ ಆ ವರ್ಷ ಒಂದು ಕಾಯಿಯೂ ಒಳಗೆ ಬರಬಾರದು ಅಂತ ನಾನೇ ಕಟ್ಟು ಮಾಡಿದ್ದೆ. ಒಂದು ಭಾನುವಾರ ಅಕ್ಕನ ಮನೆಗೆ ಹೋದಾಗ ಬಡಿಸಿಬಿಟ್ಟಳು. ತಿಂದೆ. ಎರಡು ಮುದ್ದೆ ಇಳಿಯಿತು. ಸೋಪು ಹಾಕಿ ಮೂರು ಸಲ ಕೈ ತೊಳೆದು ಮನೆಗೆ ಬಂದು ಅವಳಿಗೆ ಮಾತ್ರೆ ಕೊಡಲು ಕೈ ಚಾಚಿದೆ. ಅವಳು ಮಾತ್ರೆ ತೆಗೆದುಕೊಳ್ಳದೆ ನನ್ನ ಬೆರಳು ಹಿಡಿದು ಮೂಗಿನ ಹತ್ತಿರ ಇಟ್ಟುಕೊಂಡಳು. "ಕೊತ್ತಂಬರಿ ಜಾಸ್ತಿ ಹಾಕಿದಾಳೆ ನಿಮ್ಮಕ್ಕ" ಅಂದಳು. ಇನ್ನೊಂದು ಸಲ ಮೂಸಿ ಆಮೇಲೆ ಮಾತ್ರೆ ನುಂಗಿದಳು.

ಜಗಳ ಆಗಲಿಲ್ಲ ಅಂತಲ್ಲ. ಒಂದು ರಾತ್ರಿ ನಾನು ಪುಸ್ತಕ ತೆಗೆದು "ಇವತ್ತು ಎಷ್ಟು ಸಲ?" ಅಂದಾಗ ಸಿಡಿದಳು. "ನಾನು ಎಷ್ಟು ಸಲ ಹೋದೆ ಅಂತ ಬರ್ಕೋತೀರಲ್ಲ, ನೀವು ಎಷ್ಟು ಬೀಡಿ ಸೇದಿದ್ರಿ ಅಂತ ಬರ್ಕೊಂಡ್ರಾ?" ನಾನು ಸುಮ್ಮನಾದೆ. ಬೆಳಗ್ಗೆ ರೈಲಿನಲ್ಲಿ ಪುಸ್ತಕ ಬಿಡಿಸಿದರೆ ಎದುರು ಪುಟದ ಮೇಲೆ ನನ್ನ ಹೆಸರು. ಅವಳ ದುಂಡನೆಯ ಅಕ್ಷರ. ಕೆಳಗೆ ತಾರೀಖು, ಅದರ ಮುಂದೆ 11. ಎಲ್ಲಿಂದ ಎಣಿಸಿದಳೋ. ಅಲ್ಲಿಂದಾಚೆ ದಿನಾ ಎರಡೂ ಪುಟ ಒಟ್ಟಿಗೆ ತುಂಬುತ್ತಿದ್ದವು.

ಪಕ್ಕದ ಮನೆಯವರು ಮಗುವನ್ನು ನಮ್ಮ ಮನೆಗೆ ಬಿಡುವುದು ನಿಲ್ಲಿಸಿದರು. ಕರೆಂಟು ಮೈಯಿಂದ ಮಗುವಿಗೆ ತಗಲುತ್ತದೆ ಅಂತ. ಹೊರಗಿನಿಂದ ಕೊಡುವ ರೇಡಿಯೇಷನ್ ಮಿಷನ್ ನಿಂತ ಕೂಡಲೇ ಮುಗಿಯಿತು. ಮೈಯಲ್ಲಿ ಏನೂ ಉಳಿಯಲ್ಲ, ಮಕ್ಕಳನ್ನು ತೊಡೆ ಮೇಲೆ ಕೂರಿಸಿಕೊಳ್ಳಬಹುದು. ಹೇಳಿದೆ, ನಂಬಲಿಲ್ಲ. ಬಿಟ್ಟೆ.

ಕ್ರಿಸ್‌ಮಸ್ ರಜೆ ಒಂದು, ಮಿಷನ್ ಕೆಟ್ಟದ್ದು ಎರಡು ದಿನ, ಎಲ್ಲ ಕಳೆದು ಹೊಸ ವರ್ಷದ ಹೊತ್ತಿಗೆ 25 ಮುಗಿಯಿತು. ಆಮೇಲೆ ಒಳಗಿನಿಂದ ಕೊಡುವುದು. ಅರಿವಳಿಕೆ ಕೊಟ್ಟು, ಒಳಗೆ ಕೊಳವೆ ಇಟ್ಟು ಅದರ ಮೂಲಕ ಕೊಡುತ್ತಾರೆ. ಅದರ ಬಗ್ಗೆ ನಾನು ಇಷ್ಟಕ್ಕಿಂತ ಹೆಚ್ಚು ಬರೆಯಬಾರದು. ಅದು ಅವಳ ಅನುಭವ, ನಾನು ಹೊರಗೆ ಕೂತಿದ್ದವನು. ಸಂಕ್ರಾಂತಿ ಎಳ್ಳು ಬೆಲ್ಲವನ್ನು ಆ ವಾರ್ಡಿನಲ್ಲಿ ಹಂಚಿದೆವು, ಅವಳು ಬಾಯಿಗೆ ಒಂದು ಚೂರು ಬೆಲ್ಲ ಮಾತ್ರ ಹಾಕಿಕೊಂಡಳು.

ಮುಗಿದ ದಿನ ಸಿಸ್ಟರ್ ನಮ್ಮಿಬ್ಬರನ್ನೂ ಕೂರಿಸಿ ಗಂಡ ಹೆಂಡತಿ ವಿಷಯ ಮಾತಾಡಿದರು. ಈ ಚಿಕಿತ್ಸೆ ಆದಮೇಲೆ ಒಳದಾರಿ ಒಣಗಿ ಕಿರಿದಾಗುತ್ತದೆ. ಅದಕ್ಕೊಂದು ಸಾಧನ ಕೊಟ್ಟು ಹೇಗೆ ಬಳಸಬೇಕು ಅಂತ ಹೇಳಿದರು. ಸಂಬಂಧ ಬೇಕೋ ಬೇಡವೋ ನಿಮಗೆ ಬಿಟ್ಟದ್ದು, ಮುಂದೆ ಡಾಕ್ಟರು ಪರೀಕ್ಷೆ ಮಾಡಲಾದರೂ ಇದು ಬೇಕು ಅಂದರು. ನಾನು ನೆಲ ನೋಡುತ್ತಿದ್ದೆ. ಅವಳು ಎರಡು ಪ್ರಶ್ನೆ ಕೇಳಿದಳು.

ನಮಗೆ ಗೊತ್ತಿಲ್ಲದೆ ಇದ್ದದ್ದು ಆಮೇಲಿನ ಮೂರು ವಾರ. ಚಿಕಿತ್ಸೆ ಮುಗಿಯಿತು, ಇನ್ನು ಚೇತರಿಕೆ ಅಂದುಕೊಂಡಿದ್ದೆವು. ಚಿಕಿತ್ಸೆ ಮುಗಿದ ಮೇಲೂ ಭೇದಿ, ಉರಿ, ಸುಸ್ತು ಕೆಲವು ವಾರ ಹಾಗೇ ಇತ್ತು. ಓಡಾಡುವಾಗ ರೈಲಿನ ಹುಡುಗಿಯರು, ಕೋಲಾರದವರು, ಸಿಸ್ಟರ್ ಎಲ್ಲ ಇದ್ದರು. ಈಗ ಮನೆಯಲ್ಲಿ ಗೋಡೆ ನೋಡಿಕೊಂಡು ಮಲಗುತ್ತಿದ್ದಳು. ಐದೂವರೆ ಕಿಲೋ ಇಳಿದಿದ್ದಳು. ಅವಳ ರವಿಕೆಗಳನ್ನೆಲ್ಲ ಒಳಗೆ ಹಿಡಿದು ಹೊಲಿದೆ, ಹೆಚ್ಚಿನ ಬಟ್ಟೆ ಕತ್ತರಿಸದೆ ಹಾಗೇ ಬಿಟ್ಟೆ.

ಮೂರು ತಿಂಗಳಿಗೆ ತೋರಿಸಿದಾಗ ಡಾಕ್ಟರು ಈಗ ಏನೂ ಕಾಣುತ್ತಿಲ್ಲ ಅಂದರು. ಮೂರು ತಿಂಗಳಿಗೊಮ್ಮೆ ಬನ್ನಿ ಅಂದರು, ಮೊದಲ ಎರಡು ವರ್ಷ ಹಾಗೇ. ಹೋಗುವಾಗ ರೈಲಿನಲ್ಲಿ ನಾನು ಅಭ್ಯಾಸಬಲದಿಂದ ಫ್ಲಾಸ್ಕ್ ತೆಗೆದೆ. "ಇವತ್ತು ಯಾಕ್ರೀ?" ಅಂದು ಕಿಟಕಿ ಹತ್ತಿರ ಬಂದವನಿಂದ ಕಾಫಿ ತೆಗೆದುಕೊಂಡಳು. ಮುದ್ದೆ ಸ್ವಲ್ಪ ಸ್ವಲ್ಪವಾಗಿ ಮತ್ತೆ ಶುರುವಾಗಿದೆ. ಎರಡು ರವಿಕೆಯ ಹೊಲಿಗೆ ಬಿಚ್ಚಿ ಕೊಟ್ಟಿದ್ದೇನೆ.

ಅಳತೆ ಪುಸ್ತಕದಲ್ಲಿ ಅವಳ ಪುಟ ಜನವರಿಗೆ ನಿಂತಿದೆ. ಎದುರು ಪುಟ ತುಂಬಿ ಹಿಂದಕ್ಕೆ ಹೊರಳಿದೆ, ಈಗಲೂ ಅವಳೇ ಬರೆಯುತ್ತಾಳೆ. ನಿನ್ನೆಯ ಲೆಕ್ಕದಲ್ಲಿ 2 ಅಂತ ಇದೆ. ಒಂದೇ ಸೇದಿದ್ದು ಅಂತ ಹೇಳಿದರೂ ಕೇಳಲಿಲ್ಲ.